ಆ ಗುಂಡು ಬೇಡ

ದೆವ್ವ, ಅಶರೀರವಾಣಿ ಎಂದು ಯಾರಾದರೂ ಶುರುಮಾಡಿದರೆ ನಾನು ನಗುತ್ತಿದ್ದೆ. ಅಂಜುಬುರುಕರ ಕಟ್ಟುಕತೆ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ಈಗ ಹಾಗೆ ನಗಲು ನನಗೆ ಬಾಯಿಲ್ಲ.

ಬ್ಯಾಂಕುಗಳು ಮುಳುಗುತ್ತಿದ್ದ ಕಾಲ. ನ್ಯೂಜೆರ್ಸಿಯ ಕ್ರ್ಯಾನ್‌ಬರಿಯಲ್ಲಿದ್ದ ಆಫೀಸಿನಿಂದ ನನ್ನನ್ನೂ ಗೆಳೆಯ ಯೂಸುಫನನ್ನೂ ಒಟ್ಟಿಗೇ ಮನೆಗೆ ಕಳಿಸಿದ್ದರು. ಬೇಟೆಗೆ ಬೇಕಾದಷ್ಟು ಪುರುಸೊತ್ತಿತ್ತು. ಅಲ್ಲಿಯ ಕಾನೂನಿನಂತೆ ಜಿಂಕೆಗೆ ರೈಫಲ್ ಹಿಡಿಯುವಂತಿಲ್ಲ, ಹಾಗಾಗಿ ನ್ಯೂಯಾರ್ಕಿನ ಬೆಟ್ಟಗಳ ಕಡೆ ಹೊರಟೆವು.

ತೋಟಾ ಕೊಳ್ಳುವಾಗಲೇ ಜಗಳ. ಹಗುರ ಗುಂಡು ಬಡಿದೊಡನೆ ಅರಳಿ ಮೈಯೊಳಗೇ ನಿಲ್ಲುತ್ತದೆ. ಭಾರದ್ದು ಮೂಳೆ ಮುರಿದು ಆಚೆಗೆ ತೂರಿಹೋಗುತ್ತದೆ. ನಾನು ಭಾರದ್ದಕ್ಕೆ ಕೈಹಾಕಿದೆ.

"ಅಣ್ಣಾ, ಆ ಗುಂಡು ಬೇಡ. ಜೀವ ಇರೋವಾಗ್ಲೇ ನಾನು ಚಾಕು ಹಾಕ್ಬೇಕು. ಇಲ್ದಿದ್ರೆ ಅಮ್ಮಿ ಆ ಮಾಂಸ ಮುಟ್ಟೋದೇ ಇಲ್ಲ" ಎಂದ ಯೂಸುಫ್.

ಅರೆಪೆಟ್ಟು ತಿಂದ ಜಿಂಕೆ ಕಾಡೆಲ್ಲ ಓಡಿ ನರಳುವುದನ್ನು ನೋಡಲು ನನ್ನಿಂದಾಗದು. ಭಾರದ್ದನ್ನೇ ಕೊಂಡೆ.

"ಹಾಗಾದ್ರೆ ಅದು ಸಾಯೋದ್ರೊಳಗೆ ನಾನೇ ಜೋರಾಗಿ ಓಡ್ಬೇಕು ಬಿಡಿ" ಎಂದು ಅವನು ನಕ್ಕ.

ಸಂಜೆ, ಬೆಳಕು ಇಳಿಯುವ ಹೊತ್ತು. ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು ಇಬ್ಬರೂ ಕೇಸರಿ ಜಾಕೆಟ್ ತೊಟ್ಟಿದ್ದೆವು. ಅವನನ್ನು ನನ್ನ ಹಿಂದೆ ಪೈನ್ ಮರದ ಬುಡದಲ್ಲಿ ಕೂರಿಸಿದ್ದೆ. ಬಯಲಿನಂಚಿಗೆ ಕೊಂಬಿನ ಜಿಂಕೆಯೊಂದು ಬಂದು ಅಡ್ಡಲಾಗಿ ನಿಂತಿತು. ಗುರಿ ಹಿಡಿದು ಟ್ರಿಗರ್ ಮೇಲೆ ಬೆರಳಿಟ್ಟೆ.

"ಅಣ್ಣಾ, ಆ ಗುಂಡು ಬೇಡ."

ಕಿವಿಯ ಪಕ್ಕದಲ್ಲೇ. ಉಸಿರಿನ ಬಿಸಿ ಕೂಡ ತಾಗಿತು. ಇಂಥ ಹೊತ್ತಲ್ಲೂ ಅದೇ ರಾಗವೇ ಎಂದು ಸಿಟ್ಟು ನೆತ್ತಿಗೇರಿತು. ಬೈಯಲು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ. ಮರದ ಬುಡದಲ್ಲಿ ಅವನ ಕೇಸರಿ ಜಾಕೆಟ್ ಮಾತ್ರ ಬಿದ್ದಿತ್ತು.

ನಾನು ತಿರುಗಿದ ಸದ್ದಿಗೆ ಜಿಂಕೆ ಹಾರಿ ಓಡಿತು. ಅದು ನಿಂತಿದ್ದ ಜಾಗದ ನೇರ ಹಿಂದೆ, ಪೊದೆಯೊಳಗಿಂದ ಯೂಸುಫ್ ಎದ್ದು ನಿಂತ. ಕೈಯಲ್ಲಿ ಚಾಕು.

ರೈಫಲ್ಲಿನಿಂದ ತೋಟಾ ತೆಗೆದು ನೆಲಕ್ಕೆಸೆದೆ. ಗುಂಡು ಜಿಂಕೆಯನ್ನು ದಾಟಿ ಎಲ್ಲಿಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ. ನನ್ನ ಭಾರದ ಗುಂಡು ಬಡಿದರೆ ಜಿಂಕೆ ಬೇಗ ಸಾಯುತ್ತದೆ, ಚಾಕು ಹಾಕಲು ಹತ್ತಿರದಲ್ಲೇ ಇರಬೇಕು ಎಂದು ಅವನು ನನಗೆ ತಿಳಿಯದಂತೆ ಸುತ್ತಿಬಳಸಿ ಅಲ್ಲಿ ಅವಿತಿದ್ದ. ಜಿಂಕೆಗೆ ಕಂಡೀತೆಂದು ಜಾಕೆಟ್ ಬಿಚ್ಚಿಟ್ಟಿದ್ದ.

"ನನ್ನನ್ನ ಕರೆದ್ಯಾ?" ಎಂದೆ.

"ನಾನ್ಯಾಕಣ್ಣಾ ಕರೀಲಿ? ಉಸಿರೂ ಬಿಟ್ಟಿಲ್ಲ, ಅಲ್ಲಾನಾಣೆ."

ರೈಫಲ್ ಮಾರಿಬಿಟ್ಟೆ. ಭ್ರಮೆ ಎನ್ನುವವರು ಎನ್ನಲಿ, ನಾನೂ ಎಷ್ಟೋ ಸಲ ಹಾಗೇ ಅಂದುಕೊಂಡಿದ್ದೇನೆ. ಯೂಸುಫ್ ಈಗ ನ್ಯೂಯಾರ್ಕಿನ ಹಿಕ್ಸ್‌ವಿಲ್‌ನಲ್ಲಿದ್ದಾನೆ, ಹಬ್ಬಕ್ಕೆ ತಪ್ಪದೆ ಕರೆಯುತ್ತಾನೆ, ನಾನೂ ಹೋಗುತ್ತೇನೆ. ಆದರೆ ಅವನು ಹಿಂದಿನಿಂದ "ಅಣ್ಣಾ" ಎಂದರೆ, ತಿರುಗಿ ಅವನ ಮುಖ ನೋಡುವವರೆಗೂ ನಾನು ಓಗೊಡುವುದಿಲ್ಲ.