ಅಕ್ಕನಿಗಾಗಿ ಕರಗಿದ ಕೊಬ್ಬು

ಸೆಪ್ಟಿಕ್ ಟ್ಯಾಂಕ್ ಕಟ್ಟಿ ಪೈಪು ಜೋಡಿಸುವ ಆ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಟ್ಯಾಂಕಪ್ಪ. ಕೆಲಸ ಮುಗಿಸಿ ಕೈ ತೊಳೆದ ಮೇಲೆ ಪ್ರತಿ ಮನೆಯಲ್ಲೂ ಒಂದೇ ಉಪದೇಶ: “ಆಸಿಡ್ ಸುರೀಬೇಡಿ ತಾಯಿ. ಕೊಳಕು ಕರಗಿಸೋ ಜೀವಗಳು ಒಳಗಿವೆ. ಅವು ಸತ್ರೆ ಗುಂಡಿ ಕೆಟ್ಟಂಗೆ.”

ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಈಗ ಅವಳ ಲಿವರ್ ಕೈಕೊಟ್ಟಿತ್ತು, ಕಣ್ಣು ಅರಿಶಿನದಂತಾಗಿತ್ತು. ತನ್ನ ಲಿವರಿನ ಒಂದು ಭಾಗ ಕೊಡುತ್ತೇನೆಂದು ಹೋದವನ ಸ್ಕ್ಯಾನ್ ನೋಡಿ ಡಾಕ್ಟರಮ್ಮ ನಿಟ್ಟುಸಿರಿಟ್ಟರು.

“ನಿಮ್ಮ ಲಿವರಲ್ಲೇ ಕೊಬ್ಬು ತುಂಬಿದೆ. ಅಕ್ಕ ಮೂರು ತಿಂಗಳು ತಡೀಬಹುದು. ಅಷ್ಟರಲ್ಲಿ ತೂಕ ಇಳಿಸಿ.”

ಅವನಿಗೆ ಅಷ್ಟು ತಾಳ್ಮೆ ಎಲ್ಲಿಯದು? ಹೊಟ್ಟೆ ತೊಳೆದರೆ ಕೊಬ್ಬೂ ತೊಳೆದುಹೋದೀತೆಂದು ಭೇದಿಮಾತ್ರೆ ನುಂಗಿದ. ಸಾಲದೆಂದು, ಎಂದೋ ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಗಳನ್ನೂ ನುಂಗಿದ. ನಾಲ್ಕನೇ ದಿನ ಆಸ್ಪತ್ರೆಯ ಹಾಸಿಗೆ ಹಿಡಿದ.

ಡಾಕ್ಟರಮ್ಮ ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. “ಲಿವರ್ ಪಿತ್ತರಸ ಮಾಡಿ ಕರುಳಿಗೆ ಬಿಡುತ್ತೆ. ಅಲ್ಲಿನ ಬ್ಯಾಕ್ಟೀರಿಯಾ ಆ ಪಿತ್ತದ ಆಮ್ಲಗಳನ್ನ ಬದಲಾಯಿಸ್ತವೆ. ಅವು ಬಹುಪಾಲು ಲಿವರಿಗೇ ವಾಪಸ್ ಹೋಗಿ, ಕೊಬ್ಬು ಎಷ್ಟಿರಬೇಕು ಅನ್ನೋ ಸುದ್ದಿ ಮುಟ್ಟಿಸ್ತವೆ. ನೀವು ನುಂಗಿದಂಥ ಮಾತ್ರೆಗಳಿಂದ ಬ್ಯಾಕ್ಟೀರಿಯಾ ಸತ್ತು ಹದ ತಪ್ಪಿದ್ರೆ ಸುದ್ದಿಯೂ ತಪ್ಪಬಹುದು. ನಮಗೂ ಇನ್ನೂ ಪೂರ್ತಿ ಗೊತ್ತಿಲ್ಲ.”

ಅವನು ಹಣೆ ಚಚ್ಚಿಕೊಂಡ. “ಅಯ್ಯೋ! ನನ್ನ ಗುಂಡಿಗೆ ನಾನೇ ಆಸಿಡ್ ಸುರಿದೆನಲ್ಲಮ್ಮ!”

“ಊರಿಗೆಲ್ಲ ಬುದ್ಧಿ ಹೇಳೋನು ನೋಡಿ,” ಎಂದು ಪಕ್ಕದಲ್ಲಿ ಕೂತಿದ್ದ ಅಕ್ಕ ನಕ್ಕಳು. ನಗುವಾಗಲೂ ಅವಳ ಕೈ ಅವನ ಕಾಲು ಸವರುತ್ತಿತ್ತು.

ಹೊಸ ಗುಂಡಿಗೆ ಹದ ಬರಲು ವಾರಗಳು ಬೇಕೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಸ್ಕೂಟರ್ ಬಿಟ್ಟು, ಹತ್ಯಾರದ ಚೀಲ ಹೆಗಲಿಗೇರಿಸಿ ನಡೆದ. ತಟ್ಟೆಗೆ ಕಾಳು, ಸೊಪ್ಪು, ತವುಡು ತೆಗೆಯದ ಅಕ್ಕಿ ಬಂದವು. ಬಾಟಲಿಯ ಸಿಹಿ ಪಾನೀಯ ದೂರವಾಯಿತು. ಸುದ್ದಿ ತಿಳಿದ ಹೆಂಗಸರು ಚಹಾ ಕೊಡುವಾಗ ಅವನ ಮಾತನ್ನು ಅವನಿಗೇ ತಿರುಗಿಸಿದರು: “ಸಕ್ಕರೆ ಸುರೀಬೇಡ ಟ್ಯಾಂಕಪ್ಪ, ಒಳಗೆ ಜೀವಗಳಿವೆ!”

ಹನ್ನೊಂದನೇ ವಾರ ಮತ್ತೆ ಸ್ಕ್ಯಾನ್ ಆಯಿತು. ಡಾಕ್ಟರಮ್ಮ ಎರಡು ಸಲ ನೋಡಿ, “ಇಷ್ಟು ಕರಗಿದ್ರೆ ಸಾಕು, ಕೊಡಬಹುದು,” ಎಂದರು.

ಆಪರೇಷನ್ ಆಗಿ ಎರಡು ವಾರಕ್ಕೆ ಅಕ್ಕನ ಕಣ್ಣು ತಿಳಿಯಾಯಿತು. ಅವನು ಹೊಲಿಗೆ ಬಿದ್ದ ತನ್ನ ಹೊಟ್ಟೆಯ ಮೇಲೇ ಎರಡು ಕೈ ಜೋಡಿಸಿದ.

“ಯಾರಿಗೋ ಆ ನಮಸ್ಕಾರ?”

“ಮೇಲಿರೋ ದೇವರಿಗೆ. ಹಾಗೇ, ಒಳಗಿರೋ ಜೀವಗಳಿಗೂ ಅಕ್ಕಾ.”

“ಸರಿ, ನನ್ನದೂ ಒಂದು ಸೇರಿಸು,” ಎಂದು ಅಕ್ಕ ಅವನ ಜೋಡಿಸಿದ ಕೈಗಳನ್ನು ತನ್ನ ಕೈಗಳಿಂದ ಮುಚ್ಚಿದಳು.