ಮಾತು ಎತ್ತಿಕೊಡುವ ಮುರುಗಪ್ಪ

"ನನ್ನನ್ನ ಸ್ಟೇಜಿನ ಮ್ಯಾಲೆ ಯಾರೂ ನೋಡಿಲ್ಲ ಬಿಡ್ರಿ. ಬಿ.ದುರ್ಗದಾಗೆ ನಾಟಕ ಆದಾಗೆಲ್ಲ ನಾನು ಇದ್ದೇ ಇದೀನಿ, ಆದ್ರೆ ಪರದೆ ಪಕ್ಕದಾಗೆ. ಒಂದು ಸ್ಟೂಲು, ಕೈಯಾಗೆ ಬ್ಯಾಟ್ರಿ, ತೊಡೆ ಮ್ಯಾಲೆ ಮಾತಿನ ಪುಸ್ತಕ. ಪಾರ್ಟು ಹಾಕಿದೋನು ಮರೀತಾನೆ, ನಾನು ಎತ್ತಿಕೊಡ್ತೀನಿ. ಅಷ್ಟೇ ನನ್ನ ಕೆಲಸ. ಹಂಗಂತ ಸುಲಭ ಅನ್ಕಬ್ಯಾಡ್ರಿ. ಬೇಗ ಕೊಟ್ರೆ ಅವನಿಗೆ ಸಿಟ್ಟು, ನನಗೆ ಬರ್ತಿತ್ತು ನೀನ್ಯಾಕೆ ಬಾಯಿ ಹಾಕ್ದೆ ಅಂತಾನೆ. ತಡ ಆದ್ರೆ ಜನ ಶಿಳ್ಳೆ ಹೊಡೀತಾರೆ. ಉಸಿರು ನೋಡಿ ಕೊಡಬೇಕು. ಮಾತು ಗೊತ್ತಿದ್ದೋನು ಉಸಿರು ಎಳ್ಕಂಡು ನಿಲ್ತಾನೆ, ಮರೆತೋನು ಉಸಿರು ಬಿಟ್ಟು ನಿಲ್ತಾನೆ. ಆಮೇಲೆ ಕಣ್ಣು. ಮರೆತೋನ ಕಣ್ಣು ಮೆಲ್ಲಗೆ ಪರದೆ ಕಡೆ ತಿರುಗ್ತದೆ. ಅದು ತಿರುಗೋದ್ರಾಗೆ ನನ್ನ ಮಾತು ಅವನ ಕಿವಿಯಾಗೆ ಇರಬೇಕು, ಮುಂದಿನ ಸಾಲಿನೋರ ಕಿವಿಗೆ ಬೀಳಬಾರ್ದು. ನಮ್ಮ ಏಕಾಂತಪ್ಪ ಇದಾನಲ್ಲ, ರಾಜನ ಪಾರ್ಟಿಗೆ ಸುತ್ತ ಹಳ್ಳಿಗೆಲ್ಲ ಹೆಸರಾದೋನು, ಅವನು ರಾಜ್ಯ ಆಳಿದ್ದು ಅರ್ಧ ನನ್ನ ಬಾಯಿಂದ. ಒಂದ್ಸಲ ಯುದ್ಧಕ್ಕೆ ಹೊರಟು ಕತ್ತಿ ಎತ್ಕಂಡು ನಿಂತು ಮಾತು ಮರೆತ. ಅದೇ ಹೊತ್ತಿಗೆ ನನಗೆ ಕೆಮ್ಮು ಹತ್ಕಂತು. ಅವನೂ ಕೆಮ್ಮಿದ. ನಾನು ಇನ್ನೊಂದು ಕೆಮ್ಮಿದೆ, ಅವನೂ ಇನ್ನೊಂದು ಕೆಮ್ಮಿದ. ಪಾಪ ರಾಜನಿಗೆ ದಮ್ಮು ಅಂತ ಹೆಂಗಸರೆಲ್ಲ ಮರುಗಿದ್ರು. ನಾನು ಹೇಳೋದು ಏನಪ್ಪ ಅಂದ್ರೆ, ಒಬ್ಬ ಮನುಷ್ಯ ಮಾತಿಲ್ದೆ ನಿಂತಿರೋದನ್ನ ನನ್ನ ಕೈಲಿ ನೋಡಕ್ಕಾಗಲ್ಲ. ಅನ್ನಕ್ಕೆ ಕುಂತೋನ ತಟ್ಟೆ ಖಾಲಿ ಇದ್ದಂಗೆ ಅನ್ನಿಸ್ತದೆ."

ಗ್ರಂಥಾಲಯದ ಜಗಲಿಯಲ್ಲಿ ಕೂತು ಮುರುಗಪ್ಪ ಇದನ್ನು ಯಾರಿಗೆ ಬೇಕಾದರೂ ಹೇಳುತ್ತಿದ್ದರು. ಎರಡು ಎಕರೆ ಹೊಲ, ಒಂದು ಎಮ್ಮೆ, ಮಾತಿನಲ್ಲಿ ಅವರಿಗೇನೂ ಕಮ್ಮಿ ಇಲ್ಲದ ಹೆಂಡತಿ ಕೊಟ್ರಮ್ಮ, ಇಷ್ಟು ಅವರ ಸಂಸಾರ. ಬೆಳಿಗ್ಗೆ ಪೇಪರ್ ಓದಲು ಗ್ರಂಥಾಲಯಕ್ಕೆ ಬರುವರು. ಪಂಚಾಯ್ತಿ ಕಚೇರಿಯ ಮಗ್ಗುಲಲ್ಲಿರುವ ಎರಡೇ ಕೋಣೆಯ ಗ್ರಂಥಾಲಯ ಅದು. ನೋಡಿಕೊಳ್ಳುವವಳು ರಂಜಿತಾ ಎನ್ನುವ ಹುಡುಗಿ. ಸರ್ಕಾರ ಹೇಳಿದ ಹೊತ್ತು ಮುಗಿದರೂ ಬಾಗಿಲು ಹಾಕದವಳು. ಶನಿವಾರ ಮಕ್ಕಳಿಗೆ ಚಿತ್ರ ಬಿಡಿಸುವುದು, ಪರೀಕ್ಷೆ ಬರೆಯುವ ಹುಡುಗರಿಗೆ ಒಂದು ಮೂಲೆ, ಹೀಗೆ ಏನಾದರೊಂದು ನಡೆಸುತ್ತಲೇ ಇದ್ದಳು. ಮೂರನೇ ಇಯತ್ತೆಗೋ ನಾಲ್ಕನೇದಕ್ಕೋ ಸ್ಕೂಲು ಬಿಟ್ಟು ಅಕ್ಷರ ಮರೆತ ಹೆಂಗಸರಿಗೆ ಮಧ್ಯಾಹ್ನ ಓದು ಶುರು ಮಾಡಿದಾಗ, ಒಬ್ಬೊಬ್ಬರ ಪಕ್ಕ ಕೂರಲು ಒಬ್ಬೊಬ್ಬರು ಬೇಕಾದರು.

"ಅಜ್ಜ, ಪೇಪರ್ ಆಯ್ತಲ್ಲ, ಇನ್ನು ನೀವು ನಮ್ಮೋರು" ಎಂದು ಅವರ ಕೈಯಿಂದ ಪೇಪರ್ ಕಿತ್ತುಕೊಂಡಳು ರಂಜಿತಾ.

ಅವರಿಗೆ ಸಿಕ್ಕಿದ್ದು ನಿಂಗಕ್ಕ. ಊರಾಚೆ ಕುರಿಯವರ ಹಟ್ಟಿಯವಳು. ಗಂಡ ಚಿತ್ತಯ್ಯ ಕುರಿ ಹೊಡೆದುಕೊಂಡು ಬೆಳಿಗ್ಗೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಮನೆ, ಮರಿ, ಕುರಿ ಕೂಡುವ ರೊಪ್ಪ ಎಲ್ಲ ಇವಳದೇ. ಐವತ್ತರ ಹತ್ತಿರದ ಹೆಂಗಸು ಎರಡು ಮೈಲಿ ನಡೆದು ಓದಲು ಬರುತ್ತಿದ್ದುದಕ್ಕೆ ಕಾರಣ ಇತ್ತು. ಹಟ್ಟಿಯ ಮಕ್ಕಳಿಗೆ ಒಂದು ಪೆಟ್ಟಿಗೆ ಕಥೆಪುಸ್ತಕ ಕೊಡುವುದು, ಭಾನುವಾರ ಭಾನುವಾರ ಯಾರಾದರೂ ಅಲ್ಲೇ ಓದಿ ಹೇಳುವುದು ಅಂತ ರಂಜಿತಾ ಪಂಚಾಯ್ತಿಯ ಮುಂದೆ ಮಾತು ಎತ್ತಿದ್ದಳು. ಪಂಚಾಯ್ತಿ ಅಧ್ಯಕ್ಷೆ ಬರಗೇರಮ್ಮ ಒಪ್ಪಿರಲಿಲ್ಲ.

"ಹಿಂದೆ ಒಂದು ಕಡೆ ಕೊಟ್ಟಿದ್ವಿ ಕಣಮ್ಮ. ಆ ಪೆಟ್ಟಿಗೆ ಮ್ಯಾಲೆ ಕೂತು ಬೀಡಿ ಸೇದ್ತಿದ್ರು, ಬೀಗ ಮಾತ್ರ ತೆಗೀಲಿಲ್ಲ. ಹಟ್ಟಿಯೋರೇ ಒಬ್ರು ಓದೋರು ಇದಾರೆ ಅಂತ ತೋರ್ಸು. ಓದಿನ ಹಬ್ಬದ ದಿನ ಜನದ ಮುಂದೆ ಒಂದು ಪುಟ ಓದ್ಲಿ, ಯಾರ ನೆರವೂ ಇಲ್ದೆ. ಪೆಟ್ಟಿಗೆ ಅವತ್ತೇ ಕೊಡ್ತೀನಿ."

"ನಾನು ಓದ್ತೀನಿ" ಎಂದಿದ್ದಳು ನಿಂಗಕ್ಕ. ಸಂತೆಯಲ್ಲಿ ಕುರಿಗೆ ಬೆಲೆ ಹೇಳುವಷ್ಟೇ ಗಟ್ಟಿಯಾಗಿ.

ಓದು ಏನು ಚೆಂದ ಸಾಗಿತು ಅಂತೀರಿ. ವಾರ ಕಳೆಯುವುದರಲ್ಲಿ ನಿಂಗಕ್ಕ ಸಾಲು ಸಾಲೇ ಓದತೊಡಗಿದಳು. ಉಳಿದ ಹೆಂಗಸರು ಕ, ಕಾ ಎನ್ನುತ್ತಿರುವಾಗ ಇವಳು ಪುಟ ತಿರುಗಿಸುತ್ತಿದ್ದಳು. ಮುರುಗಪ್ಪನವರ ನಡಿಗೆಯೇ ಬದಲಾಯಿತು. ಹೋಟೆಲಿನ ಮುಂದೆ ನಿಂತು, "ನಮ್ಮ ನಿಂಗಕ್ಕ ನೀರು ಕುಡಿದಂಗೆ ಓದ್ತಾಳೆ ಕಣ್ಲೇ" ಎಂದು ಏಕಾಂತಪ್ಪನಿಗೆ ಹೇಳಿದರು. ಅವನು, "ನಾನೂ ನೀರು ಕುಡಿದಂಗೇ ಪಾರ್ಟು ಹೇಳ್ತಿದ್ದೆ ಬಿಡಣ್ಣ, ಲೋಟ ಹಿಡಿದೋನು ನೀನು" ಎಂದು ನಕ್ಕ. ಮುರುಗಪ್ಪನವರಿಗೆ ಆ ಮಾತು ಆಗ ನಾಟಲಿಲ್ಲ.

ಒಂದು ಮಧ್ಯಾಹ್ನ ನಿಂಗಕ್ಕ ಬಿರುಗಾಳಿಯ ಹಾಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು.

"ಮುರುಗಪ್ಪಣ್ಣ, ನೀವು ನನಗೆ ಓದು ಕಲಿಸಿಲ್ಲ. ಪಾರ್ಟು ಹೇಳಿಕೊಟ್ಟೀರಿ."

"ಏನಾಯ್ತವ್ವ?"

"ರಾತ್ರಿ ಹಟ್ಟಿಯಾಗೆ ಹುಡುಗರನ್ನ ಕೂರಿಸ್ಕಂಡು ಇದೇ ಪುಟ ತೆಗೆದೆ. ನಿನ್ನೆ ಇಲ್ಲಿ ಗಳಗಳ ಅಂತ ಓದಿದ್ನಲ್ಲ, ಅದೇ ಪುಟ. ಒಂದು ಅಕ್ಷರ ಬಾಯಿ ಬಿಡಲಿಲ್ಲ ನೋಡ್ರಿ. ಹುಡುಗರು ಅಜ್ಜಿ ಕನ್ನಡಕ ಮರೆತಾಳೆ ಅಂತ ನಗ್ತಾವೆ. ನನಗೆ ಕನ್ನಡಕವೇ ಇಲ್ಲ."

ಮುರುಗಪ್ಪನವರು ನಂಬಲಿಲ್ಲ. ಇಲ್ಲೇ ಓದು ನೋಡೋಣ ಎಂದರು. ನಿಂಗಕ್ಕ ಸೆರಗು ಸಿಕ್ಕಿಸಿಕೊಂಡು ಕೂತು ಓದಿದಳು. ಗಳಗಳನೇ ಬಂತು. ನೋಡಿದೆಯಾ ಎಂಬಂತೆ ಅವರು ರಂಜಿತಾಳ ಕಡೆ ತಿರುಗಿದರು. ರಂಜಿತಾ ಪುಸ್ತಕ ನೋಡುತ್ತಿರಲಿಲ್ಲ, ಅವರ ಬಾಯಿ ನೋಡುತ್ತಿದ್ದಳು.

"ಅಜ್ಜ, ಅವರಿಗಿಂತ ಮುಂಚೆ ನೀವು ಓದ್ತಿದೀರ."

"ನಾನೆಲ್ಲಿ ಮಾತಾಡ್ದೆ?"

"ಪ್ರತಿ ಪದಕ್ಕೂ. ತುಟಿ ಒಳಗೇ."

ಪಕ್ಕದ ಹೆಂಗಸರೆಲ್ಲ ಹೌದು ಹೌದು ಎಂದರು. ನಿಂಗಕ್ಕ ಒಂದು ಕ್ಷಣ ತಡೆದರೆ ಸಾಕು, ಮುಂದಿನ ಪದ ಅವರ ಬಾಯಿಂದ ಉಸಿರಿನ ಹಾಗೆ ಹೊರಟು ಅವಳ ಕಿವಿಗೆ ಹೋಗಿ, ಅವಳ ಬಾಯಿಂದ ಬರುತ್ತಿತ್ತು. ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವಳಿಗೂ ಗೊತ್ತಿಲ್ಲ. ಅಷ್ಟು ನಯವಾದ ಕೈಚಳಕ ಅದು. ಮುರುಗಪ್ಪನವರ ಮುಖ ಸಣ್ಣದಾಯಿತು. ಓದಿನ ಹಬ್ಬ ಹತ್ತಿರ ಬಂದಿತ್ತು, ಹಟ್ಟಿಯ ಪೆಟ್ಟಿಗೆಗೆ ತಾವೇ ಬೀಗ ಹಾಕಿದಂತಾಯಿತಲ್ಲ ಎಂದು ಮನೆಯ ದಾರಿ ಹಿಡಿದರು.

ಕೊಟ್ರಮ್ಮ ಸೊಪ್ಪು ಸೋಸುತ್ತಾ ಎಲ್ಲ ಕೇಳಿದರು.

"ಅದನ್ನ ಹೇಳಕ್ಕೆ ಲೈಬ್ರರಿಯೋರು ಬೇಕಾಯ್ತಾ? ನಾನು ಮದುವೆಯಾಗಿ ಬಂದಾಗಿಂದ ನೀವು ನನ್ನ ಒಂದು ಮಾತನ್ನಾದ್ರೂ..."

"ಪೂರ್ತಿ ಮಾಡಕ್ ಬಿಟ್ಟಿಲ್ಲ ಅಂತೀಯ."

ಕೊಟ್ರಮ್ಮ ಸೊಪ್ಪು ಬಿಟ್ಟು ಅವರನ್ನೇ ನೋಡಿದರು. ಮುರುಗಪ್ಪನವರು ತಲೆ ಕೆರೆದುಕೊಂಡರು. ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಕೊಟ್ರಮ್ಮ ಒಳಗಿನಿಂದ ಕಲ್ಲುಸಕ್ಕರೆ ತಂದು ಕೊಟ್ಟರು. "ಒಂದು ದೊಡ್ಡ ಹಳಕು ಬಾಯಿಗೆ ಹಾಕ್ಕಳ್ರಿ. ಕಡೀಬ್ಯಾಡ್ರಿ. ಅದು ಇರೋತನಕ ನಿಮ್ಮ ನಾಲಿಗೆಗೆ ಬೇರೆ ಕೆಲಸ ಇರ್ತದೆ."

ಮರುದಿನದಿಂದ ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡೇ ಕೂತರು. ಒಂದು ಕೆನ್ನೆ ಉಬ್ಬಿರುತ್ತಿತ್ತು. "ಹಲ್ಲುನೋವೇನಣ್ಣ?" ಎಂದಳು ನಿಂಗಕ್ಕ, ಬೇಕೆಂದೇ. ಅವರು ಉತ್ತರ ಕೊಡುವ ಹಾಗಿರಲಿಲ್ಲ. ನಿನ್ನೆಯವರೆಗೆ ಪುಟ ಓದುತ್ತಿದ್ದವಳು ಈಗ ಒಂದು ಸಾಲಿಗೆ ಬಂದು ನಿಂತಳು. ಒಂದು ಪದಕ್ಕೆ ತಡೆಯುವಳು, ಹಿಂದಕ್ಕೆ ಹೋಗುವಳು, ಬೆರಳಿಟ್ಟು ಮತ್ತೆ ಬರುವಳು. ಮುರುಗಪ್ಪನವರ ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ತಡೆಯಲಾರದೆ ಎದ್ದು ಹೋಗಿ ಸುಮ್ಮನೆ ಪುಸ್ತಕದ ಧೂಳು ಒರೆಸಿ ಬರುವರು.

ಒಂದು ದಿನ ಅವರು ಹಾಗೆ ಒರೆಸುತ್ತಾ ನಿಂತಿದ್ದಾಗ ಬೆನ್ನ ಹಿಂದೆ, "ತೋಳವು ರೊಪ್ಪದ ಬಳಿ ಬಂದಿತು" ಎಂಬ ಸಾಲು ಕೇಳಿಸಿತು. ಮೆಲ್ಲಗೆ, ತುಂಡು ತುಂಡಾಗಿ, ಆದರೆ ಇಡಿಯಾಗಿ. ತಿರುಗಿ ನೋಡಿದರೆ ನಿಂಗಕ್ಕ ಪುಸ್ತಕದಿಂದ ತಲೆ ಎತ್ತಿರಲಿಲ್ಲ. "ರೊಪ್ಪಕ್ಕೆ ತೋಳ ಬಂದ್ರೆ ನಾಯಿ ಬೊಗಳಲ್ವಾ? ಇದನ್ನ ಬರೆದೋನು ಕುರಿ ಕಾದೋನಲ್ಲ" ಎಂದು ಗೊಣಗಿ ಮುಂದಿನ ಸಾಲಿಗೆ ಬೆರಳಿಟ್ಟಳು. ಮುರುಗಪ್ಪನವರು ಕಲ್ಲುಸಕ್ಕರೆ ಕಡಿದೇ ಬಿಟ್ಟರು.

ಓದಿನ ಹಬ್ಬ ಬಂತು. ಗ್ರಂಥಾಲಯದ ಅಂಗಳಕ್ಕೆ ಶಾಮಿಯಾನ ಹಾಕಿದ್ದರು, ಮೈಕು ತಂದಿದ್ದರು. ಹಟ್ಟಿಯಿಂದ ಒಂದು ಟ್ರಾಕ್ಟರ್ ತುಂಬಾ ಜನ ಬಂದಿದ್ದರು. ಕೆಂಪು ಬಣ್ಣ ಹೊಡೆದ ಪುಸ್ತಕದ ಪೆಟ್ಟಿಗೆ ಮೇಜಿನ ಪಕ್ಕದಲ್ಲೇ ಇತ್ತು, ಮಕ್ಕಳು ಅದರ ಚಿಲಕ ಮುಟ್ಟಿ ಮುಟ್ಟಿ ಓಡುತ್ತಿದ್ದರು. ಮುರುಗಪ್ಪನವರು ಎಂದಿನಂತೆ ಮೈಕಿನ ಪಕ್ಕಕ್ಕೆ ಹೋಗಿ ನಿಂತರು. ರಂಜಿತಾ ಕೈ ಹಿಡಿದು ತಂದು ಮುಂದಿನ ಸಾಲಿನಲ್ಲಿ ಕೂರಿಸಿದಳು. "ಇವತ್ತು ನೀವು ನೋಡೋರು ಅಜ್ಜ." ಎದುರಿನಿಂದ ಸ್ಟೇಜು ಹೇಗೆ ಕಾಣುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ. ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡರು.

ಭಾಷಣ ಬೆಳೆಯಿತು. ಕಲ್ಲುಸಕ್ಕರೆ ಕರಗಿತು. ಜೇಬಿಗೆ ಕೈ ಹಾಕಿದರೆ ಇನ್ನೊಂದು ಹಳಕು ಇರಲಿಲ್ಲ.

ನಿಂಗಕ್ಕನ ಹೆಸರು ಕರೆದರು. ಹೊಸ ಸೀರೆ ಉಟ್ಟು ಬಂದು ನಿಂತಳು. ಬರಗೇರಮ್ಮ ತಾವೇ ಪುಸ್ತಕ ತೆಗೆದುಕೊಂಡು, ಬಾಯಿಪಾಠ ಮಾಡಿದ್ದಾಳೆ ಅನ್ನಬಾರದು ಎಂದು, ನಡುವೆ ಎಲ್ಲೋ ಬೆರಳು ತೂರಿಸಿ ಪುಟ ಬಿಡಿಸಿ ಕೊಟ್ಟರು. ತೋಳದ ಕಥೆಯೇ, ಆದರೆ ಅವಳು ಇನ್ನೂ ಮುಟ್ಟದ ಪುಟ.

ನಿಂಗಕ್ಕ ಶುರು ಮಾಡಿದಳು. ಮೊದಲ ಸಾಲು ನಡುಗಿತು, ಎರಡನೆಯದು ನೆಟ್ಟಗಾಯಿತು. ಹಟ್ಟಿಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ಪುಟ ಇಳಿಯುತ್ತಾ ಬಂತು. ಇನ್ನೇನು ತಳ ಮುಟ್ಟಬೇಕು, "ತೋಳಕ್ಕೆ..." ಎಂದವಳು ನಿಂತಳು.

ಒತ್ತಿನ ಮೇಲೆ ಒತ್ತು ಇದ್ದ ಪದ. ಪುಸ್ತಕ ಪೂರ್ತಿ ಓದಿದ್ದ ಮುರುಗಪ್ಪನವರಿಗೆ ಕೂತಲ್ಲಿಂದಲೇ ಗೊತ್ತಾಯಿತು. ಅವಳು ಉಸಿರು ಬಿಟ್ಟು ನಿಂತಿದ್ದಳು. ಜನ ಅವಳನ್ನು ನೋಡಲಿಲ್ಲ, ಒಬ್ಬೊಬ್ಬರಾಗಿ ಮುರುಗಪ್ಪನವರ ಕಡೆ ತಿರುಗಿದರು. ಇಷ್ಟು ವರ್ಷ ಊರಿನಲ್ಲಿ ಮಾತು ನಿಂತಾಗೆಲ್ಲ ಎಲ್ಲಿಂದ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು.

ನಿಂಗಕ್ಕನ ಕಣ್ಣೂ ಪುಟದಿಂದ ಮೇಲಕ್ಕೆದ್ದು ಮೆಲ್ಲಗೆ ಅವರ ಕಡೆ ಬಂತು.

ಹಾಗೆ ಹುಡುಕಿಕೊಂಡು ಬಂದ ಕಣ್ಣಿಗೆ ಮುರುಗಪ್ಪನವರು ಯಾವತ್ತೂ ಬೆನ್ನು ತೋರಿಸಿದವರಲ್ಲ. ಪದ ನಾಲಿಗೆಯ ತುದಿಗೆ ಬಂದಿತ್ತು. ಕುರ್ಚಿಯ ತೋಳು ಹಿಡಿದರು, ತುಟಿ ಒಳಕ್ಕೆ ಎಳೆದುಕೊಂಡು ಕಚ್ಚಿದರು, ತಲೆ ತಗ್ಗಿಸಿ ತಮ್ಮ ಕಾಲಬೆರಳನ್ನು ನೋಡುತ್ತಾ ಕೂತರು. ಬರಗೇರಮ್ಮ ಕೂತಲ್ಲೇ ಮಗ್ಗುಲು ಬದಲಿಸಿದರು.

ಹಿಂದಿನಿಂದ ಏಕಾಂತಪ್ಪನಿಗೆ ತಡೆಯಲಾಗಲಿಲ್ಲ. "ಮುರುಗಣ್ಣ, ಕೊಡಣ್ಣ" ಎಂದ. ಮುರುಗಪ್ಪನವರು ಅಲ್ಲಾಡಲಿಲ್ಲ. ಅವನೇ ಊಹೆ ಮಾಡಿ, "ಹಸಿವಾಯಿತು ಅನ್ನು ಅಕ್ಕ, ತೋಳಕ್ಕೆ ಹಸಿವಾಯಿತು" ಎಂದು ಕೂಗಿದ.

ನಿಂಗಕ್ಕ ಮೈಕಿನಲ್ಲೇ ಹೇಳಿದಳು: "ಏಕಾಂತಣ್ಣ, ನಿನಗೆ ಹಸಿವಾಗಿದ್ರೆ ಮನೆಗೆ ಹೋಗಿ ಉಣ್ಣು. ತೋಳಕ್ಕಿನ್ನೂ ಆಗಿಲ್ಲ. ನಾನು ಓದ್ತಾ ಇದೀನಿ, ಸುಮ್ನೆ ಕುಂತ್ಕ."

ಅಂಗಳ ಬಿದ್ದು ಬಿದ್ದು ನಕ್ಕಿತು. ಆ ನಗುವಿನಲ್ಲಿ ಅವಳಿಗೆ ಹೋದ ಉಸಿರು ಬಂತು. ಮುರುಗಪ್ಪನವರು ತಲೆ ಎತ್ತಿದರು. ಅವಳು ಎದೆ ತುಂಬ ಉಸಿರು ಎಳೆದುಕೊಂಡು ಬೆರಳಿಟ್ಟಳು. "ಆ... ಶ್ಚ... ಆಶ್ಚರ್... ಆಶ್ಚರ್ಯ." ನಿಂತಳು, ತನಗೆ ತಾನೇ ತಲೆಯಾಡಿಸಿಕೊಂಡಳು. "ತೋಳಕ್ಕೆ ಆಶ್ಚರ್ಯವಾಯಿತು. ರೊಪ್ಪದಲ್ಲಿ ಒಂದು ಕುರಿಯೂ ಇರಲಿಲ್ಲ."

ಪುಟ ಮುಗಿದಿತ್ತು. ಹಟ್ಟಿಯವರು ಹೊಡೆದ ಚಪ್ಪಾಳೆಗೆ ಮೈಕು ಕುಯ್ ಎಂದಿತು. ಬರಗೇರಮ್ಮ ಎದ್ದು ಬಂದು ಪೆಟ್ಟಿಗೆಯ ಕೀಲಿಕೈಯನ್ನು ನಿಂಗಕ್ಕನ ಸೆರಗಿಗೆ ತಾವೇ ಕಟ್ಟಿದರು. ಕೆಳಗೆ ಇಳಿದು ಬಂದ ನಿಂಗಕ್ಕ ಮುರುಗಪ್ಪನವರ ಮುಂದೆ ನಿಂತು, "ಕಣ್ಣಿಗೆ ಕಣ್ಣೂ ಕೊಡಲಿಲ್ವಲ್ಲ ಪುಣ್ಯಾತ್ಮ, ಎಷ್ಟು ಕಲ್ಲು ಮನಸು" ಎಂದಳು. ಮುಖ ತುಂಬ ನಗು.

"ಕಣ್ಣು ಕೊಟ್ಟಿದ್ರೆ ಅದರ ಹಿಂದೆ ಬಾಯೂ ಹೋಗ್ತಿತ್ತವ್ವ" ಎಂದರು ಮುರುಗಪ್ಪ. ಕೆಳತುಟಿಯಲ್ಲಿ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು.

ಪೆಟ್ಟಿಗೆ ಟ್ರಾಕ್ಟರ್ ಹತ್ತಿತು. ಮೇಲೆ ಏಕಾಂತಪ್ಪ ಕಾವಲು ಕೂತ. ಮಕ್ಕಳು ಅವನ ಸುತ್ತ ತುಂಬಿಕೊಂಡವು. ಭಾನುವಾರಕ್ಕೆ ಯಾವ ಕಥೆ ಎಂದು ದಾರಿಯುದ್ದಕ್ಕೂ ಜಗಳ. "ನೀವೂ ಹತ್ರಿ ಅಣ್ಣ, ಹೋಗಾಣ" ಎಂದು ನಿಂಗಕ್ಕ ಮುರುಗಪ್ಪನವರನ್ನೂ ಹತ್ತಿಸಿಕೊಂಡಳು.

ಹಟ್ಟಿ ಮುಟ್ಟುವ ಹೊತ್ತಿಗೆ ಸರಿಯಾಗಿ ಚಿತ್ತಯ್ಯನ ಕುರಿ ಧೂಳೆಬ್ಬಿಸಿಕೊಂಡು ಬಂದವು. ಬೆಳಗಿನಿಂದ ಗೂಡಿನಲ್ಲಿದ್ದ ಮರಿಗಳು ತಾಯಿಯ ಸದ್ದು ಕೇಳಿ ಅರಚತೊಡಗಿದವು. ಮಕ್ಕಳು ಪೆಟ್ಟಿಗೆ ತೆಗಿ, ಪೆಟ್ಟಿಗೆ ತೆಗಿ ಎಂದು ಸೆರಗು ಜಗ್ಗಿದವು.

"ಪುಸ್ತಕ ಎಲ್ಲಿಗೂ ಓಡಿಹೋಗಲ್ಲ. ಮೊದ್ಲು ಮರಿ ಹಾಲು ಕುಡೀಲಿ" ಎಂದು ನಿಂಗಕ್ಕ ಹೊಸ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿದಳು. ಗೂಡಿನ ಬಾಗಿಲಿಗೆ ಇಟ್ಟ ತಡಿಕೆಯನ್ನು ಮುರುಗಪ್ಪನವರ ಕೈಗೆ ಕೊಟ್ಟು, "ಹಿಂಗೆ ಹಿಡ್ಕಳ್ರಿ, ಒಂದೊಂದೇ ಬಿಡಬೇಕು" ಎಂದಳು. ಅವರು ತಡಿಕೆ ಹಿಡಿದು ನಿಂತರು. ಅವಳು ಒಂದೊಂದೇ ಮರಿಯನ್ನು ಎತ್ತಿ, ಅದರದರ ತಾಯಿಯ ಕೆಚ್ಚಲಿಗೆ ಬಿಡುತ್ತಾ ಹೋದಳು.