ರೊಪ್ಪದ ಹಿಂದಿನ ಗಿಡ

ಚನ್ನಗಿರಿ ಹಾಸ್ಟೆಲ್‌ನಲ್ಲಿ ನಮ್ಮ ರೂಮಿಗೆ ಮೂವರು. ಹೊನ್ನಾಳಿಯವನ ಮಾವನಿಗೆ ಎರಡು ಟ್ರ್ಯಾಕ್ಟರ್ ಇದ್ದವು. ನ್ಯಾಮತಿಯವನು ಒಮ್ಮೆ ಹಾವು ಹಿಡಿದಿದ್ದ, ಆ ಹಾವು ಪ್ರತಿ ಸಲ ಹೇಳುವಾಗಲೂ ಒಂದಡಿ ಬೆಳೆಯುತ್ತಿತ್ತು. ನನ್ನ ಹತ್ತಿರ ಇದ್ದದ್ದು ಬಿಳಿಚೋಡಿನ ಅಜ್ಜ, ಅವನ ನಲವತ್ತು ಕುರಿ, ಅವನ್ನು ಕೂಡುವ ರೊಪ್ಪ, ರೊಪ್ಪದ ಹಿಂದೆ ಒಂದು ಭಂಗಿ ಗಿಡ, ಅಂದರೆ ಗಾಂಜಾ.

ಗಿಡವನ್ನು ಅಜ್ಜ ನೆಟ್ಟಿರಲಿಲ್ಲ. ತಾನಾಗೇ ಹುಟ್ಟಿತ್ತು, ಅಜ್ಜ ಕಿತ್ತಿರಲಿಲ್ಲ. ಕುರಿಗೆ ಭೇದಿ ಹಿಡಿದರೆ ನಾಲ್ಕು ಎಲೆ ತಿನ್ನಿಸುತ್ತಿದ್ದ. ಅವನಪ್ಪನೂ ಹಾಗೇ ಮಾಡುತ್ತಿದ್ದನಂತೆ. ವಿಷಯ ಇಷ್ಟೇ. ಇಷ್ಟನ್ನೇ ಹೇಳಿದ್ದರೆ ಹಾಸ್ಟೆಲ್‌ನಲ್ಲಿ ಯಾರೂ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಅದಕ್ಕೆ ಫೋನಿನಲ್ಲಿ ಮೂರು ವಿಡಿಯೋ ನೋಡಿಕೊಂಡೆ.

"ನಮ್ಮಜ್ಜಂದು ಸಾದಾ ಗಿಡ ಅಲ್ಲ ಕಣ್ರಲೇ, ಇಂಡಿಕಾ" ಎಂದೆ.

"ಅದು ಕಾರಲ್ವೇನಲೇ?" ಎಂದ ಹೊನ್ನಾಳಿಯವನು.

"ಕಾರು ಕೂರಿಸ್ಕಂಡು ಹೋಗ್ತೈತೆ. ಇದು ಬರೇ ಕೂರಿಸ್ತೈತೆ, ಹೋಗಾಕೆ ಬಿಡಲ್ಲ."

ಇಬ್ಬರೂ ಹತ್ತಿರ ಸರಿದರು. ಇಂಡಿಕಾ ಎಂದರೆ ಕುಳ್ಳ ಜಾತಿ, ಪೊದೆಯಂತೆ ಹರಡುತ್ತದೆ, ಎಲೆ ಅಗಲ, ಬಣ್ಣ ಕಡುಹಸಿರು ಎಂದು ವಿವರಿಸಿದೆ. ಉದ್ದನೆಯ ತೆಳ್ಳಗಿನ ಜಾತಿ ತಲೆಗೇರಿದರೆ ಇದು ಮೈಗಿಳಿಯುತ್ತದೆ ಎಂದೆ. ರೆಪ್ಪೆಗಳು ಒಂದೊಂದು ಕೆಜಿ ತೂಗುತ್ತವೆ, ನಾಲಿಗೆ ಒಣಗಿ ಚಪ್ಪಲಿಯಾಗುತ್ತದೆ, ನನ್ನ ಕಾಲು ಎಲ್ಲಿವೆ ಎಂದು ಪಕ್ಕದವನನ್ನು ಕೇಳಬೇಕಾಗುತ್ತದೆ. ನಾನು ಆ ಗಿಡವನ್ನು ಮೂಸಿದ್ದೆ, ಅಷ್ಟೇ. ಟಗರಿನ ವಾಸನೆ ಬಂದಿತ್ತು. ಅದು ಗಿಡದ್ದೋ ರೊಪ್ಪದ್ದೋ ಗೊತ್ತಾಗಿರಲಿಲ್ಲ.

"ನಮ್ಮ ಟಗರು ಒಂದ್ಸಲ ತಿಂದು ಸೋಮವಾರ ಮಲಗಿದ್ದು ಗುರುವಾರ ಎದ್ದೈತೆ. ಎದ್ದು, ಇವತ್ತು ಯಾವ ವಾರ ಅಂತ ಕೇಳಂಗೆ ಅಜ್ಜನ ಮಖ ನೋಡ್ತು."

"ಬೆಳೆಸಾದು ಹೆಂಗೆ?" ಎಂದ ನ್ಯಾಮತಿಯವನು.

ವಿಡಿಯೋಗಳಲ್ಲಿ ಆ ಭಾಗವನ್ನು ನಾನು ಓಡಿಸಿಬಿಟ್ಟಿದ್ದೆ. ಬಾಯಿಗೆ ಬಂದದ್ದನ್ನು ಹೇಳಿದೆ. ಅಜ್ಜ ಗಿಡಕ್ಕೆ ಮಜ್ಜಿಗೆ ಕುಡಿಸುತ್ತಾನೆ, ಬಿಸಿಲಾದರೆ ಕೊಡೆ ಹಿಡಿಯುತ್ತಾನೆ, ಚಳಿಯಾದರೆ ತನ್ನ ಕಂಬಳಿ ಹೊದಿಸಿ ತಾನು ನಡುಗುತ್ತಾ ಕೂರುತ್ತಾನೆ. ಒಂದು ಗಿಡಕ್ಕೆ ಇಷ್ಟೆಲ್ಲ ಯಾಕೆ ಎಂದು ಅವರಿಗೆ ಅನ್ನಿಸೀತೆಂದು ಅರ್ಧ ಎಕರೆ ಮಾಡಿದೆ. ನಮ್ಮೂರ ಹುಡುಗರಿಗೆ ಕೇಳಿಸಬೇಕು, ವಾಯ್ಸ್ ಮೆಸೇಜ್ ಹಾಕು ಎಂದು ನ್ಯಾಮತಿಯವನು ಹಿಂದೆ ಬಿದ್ದ. ಎರಡು ನಿಮಿಷದ್ದು ಹಾಕಿದೆ. ಅಜ್ಜನ ಕೆಮ್ಮನ್ನೂ ನಾನೇ ಕೆಮ್ಮಿದೆ.

ದಸರಾ ರಜೆಗೆ ಬಿಳಿಚೋಡಿಗೆ ಹೋದ ಮೂರನೇ ದಿನ ಬೆಳಿಗ್ಗೆ ಜಗಳೂರಿನಿಂದ ಪೊಲೀಸ್ ಜೀಪು ಬಂತು. ಒಬ್ಬ ಸಾಹೇಬರು, ಇಬ್ಬರು ಪೇದೆಗಳು. ಪೇದೆಗಳು ಅರ್ಧ ಎಕರೆ ಹುಡುಕಿಕೊಂಡು ನಮ್ಮ ಮೆಕ್ಕೆಜೋಳದೊಳಗೆಲ್ಲ ನುಗ್ಗಿ ಬಂದರು. ಕೊನೆಗೆ ರೊಪ್ಪದ ಹಿಂದೆ ಸಿಕ್ಕಿದ್ದು ಪೇದೆಯ ಎದೆಯವರೆಗೆ ಬರುವ ಒಂದು ಗಿಡ. ಅದರ ಕೆಳಗಿನ ಎಲೆಗಳನ್ನು ಮರಿಗಳು ಮೊದಲೇ ತಿಂದಿದ್ದವು.

"ಯಾರ್ ಬೆಳೆಸಿದ್ದು?" ಎಂದರು ಸಾಹೇಬರು.

"ತಾನೇ ಹುಟ್ಟೈತ್ರಿ ಸಾಹೇಬ್ರೆ. ಕುರಿ ಔಷಧಿಗಾತದೆ ಅಂತ ಬಿಟ್ಟೀನಿ" ಎಂದ ಅಜ್ಜ.

ಸಾಹೇಬರು ಫೋನು ತೆಗೆದು ಒತ್ತಿದರು. ನ್ಯಾಮತಿಯಿಂದ ಯಾರ ಯಾರ ಫೋನು ದಾಟಿ ಬಂದಿತ್ತೋ, ರೊಪ್ಪದ ಮುಂದೆ ನನ್ನ ದನಿ ಹೊರಬಂತು. ಮಜ್ಜಿಗೆ ಬಂತು, ಕೊಡೆ ಬಂತು, ಕಂಬಳಿ ಬಂತು. ಕೆಮ್ಮು ಬಂದಾಗ ಒಬ್ಬ ಪೇದೆ ನಕ್ಕು ಬಾಯಿ ಒರೆಸಿಕೊಂಡ. ಅಜ್ಜ ಫೋನಿನ ಕಡೆ ಕಿವಿ ಕೊಟ್ಟು ಎರಡೂ ನಿಮಿಷ ಕೇಳಿದ, ರೇಡಿಯೋದಲ್ಲಿ ಮಳೆ ಸುದ್ದಿ ಕೇಳುವ ಹಾಗೆ.

ಆ ಎಲೆಯನ್ನು ನಾನು ಯಾವತ್ತೂ ಬಾಯಿಗೆ ಹಾಕಿದವನಲ್ಲ. ಆದರೂ ನಾಲಿಗೆ ಅಂಟಿಕೊಂಡಿತು, ಕಾಲು ಎಲ್ಲಿವೆ ತಿಳಿಯಲಿಲ್ಲ. ಭಯವಲ್ಲ, ಅಳುವೂ ಅಲ್ಲ. ಯಾರದೋ ಮನೆಯಲ್ಲಿ ಯಾರಿಗೋ ಏನೋ ಆಗುತ್ತಿದೆ ಎಂಬಂತೆ ನೋಡುತ್ತಾ ನಿಂತಿದ್ದೆ. ಒಂದು ಮರಿ ನನ್ನ ಅಂಗಿಯ ತುದಿ ಚೀಪುತ್ತಿತ್ತು. ಬಿಡಿಸಿಕೊಳ್ಳಲಿಲ್ಲ.

"ಅದೆಲ್ಲ ಸುಳ್ಳು ಸಾರ್. ಹಾಸ್ಟೆಲ್‌ನಾಗೆ ನಗಿಸಾಕೆ ಹೇಳಿದ್ದು" ಎಂದೆ.

"ಯಾವ್ದಪ್ಪ ಸುಳ್ಳು? ಆಗ ಹೇಳಿದ್ದಾ, ಈಗ ಹೇಳ್ತಿರಾದಾ?"

ಹಾಸ್ಟೆಲ್‌ನಲ್ಲಿ ಇಂಥದ್ದಕ್ಕೆ ಹತ್ತು ಉತ್ತರ ಇರುತ್ತಿದ್ದವು.

"ಹಂಗಾರೆ ನೀನೂ ಹತ್ತು" ಎಂದು ಸಾಹೇಬರು ಜೀಪು ತೋರಿಸಿದರು.

ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಹುಡುಗಂದೇನೂ ಇಲ್ರಿ. ಅವ್ನಿಗೆ ಕಳೆ ಯಾವ್ದು ಬೆಳೆ ಯಾವ್ದು ಗೊತ್ತಾಗಲ್ಲ. ನಾನೇ ಬೆಳೆಸೀನಿ, ಹಂಗೇ ಬರ್ಕಳ್ರಿ."

ಗಿಡವನ್ನು ಬೇರು ಸಮೇತ ಕಿತ್ತು ಚೀಲಕ್ಕೆ ಹಾಕಿದರು. ಅಜ್ಜ ಜೀಪು ಹತ್ತುವಾಗ ನನ್ನ ಕಡೆ ತಿರುಗಿದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಮಗಿರಾದೇ ಎರಡೆಕ್ರೆ. ಅದರಾಗೆ ಅರ್ಧ ಎಕ್ರೆ ಎಲ್ಲಿ ಹಾಕಿದ್ಯೋ ಮಾರಾಯ" ಎಂದ. ಆಮೇಲೆ, "ಮಧ್ಯಾಹ್ನ ಕುರಿಗೆ ನೀರು ತೋರ್ಸು."

ತೋರಿಸಿದೆ. ಸಂಜೆ ಕೂಡಿದೆ, ಎಣಿಸಿದೆ. ನಲವತ್ತೂ ಇದ್ದವು.

ಜಾಮೀನಾಗಿ ಅಜ್ಜ ಬರುವುದಕ್ಕೆ ಐದು ದಿನ ಹಿಡಿಯಿತು. ಬೆಳೆಸಿದವನಿಗೆ ಒಂದು ಕಾನೂನು, ತಾನಾಗಿ ಹುಟ್ಟಿದ್ದನ್ನು ಕೀಳದೆ ಬಿಟ್ಟವನ ಪರವಾಗಿ ಬೇರೆ ವಾದ ಮಾಡಿ ನೋಡಬಹುದು ಎಂದರು ವಕೀಲರು. ಅದಕ್ಕೆ ವಾಯ್ಸ್ ಮೆಸೇಜ್ ಸುಳ್ಳೆಂದು ನಾನು ಕಟಕಟೆಯಲ್ಲಿ ನಿಂತು ಹೇಳಬೇಕು, ಜಡ್ಜು ನಂಬಬೇಕು. ಅಜ್ಜನಿಗೆ ಅದು ಬೇಡವಾಗಿತ್ತು. ಓದುವ ಹುಡುಗ, ಅವನ ಹೆಸರು ಯಾಕೆ ಎಂದ. ನಾನೇ ಹಟ ಹಿಡಿದೆ.

"ಇದ್ದದ್ದು ಇದ್ದಂಗೆ ಹೇಳು, ಒಂದ್ಸಲ ಕೇಳಾನ" ಎಂದರು ವಕೀಲರು.

ಅವರ ಆಫೀಸಿನಲ್ಲೇ, ಕಟಕಟೆ ಎಂದುಕೊಂಡು, ಎದ್ದು ನಿಂತು ಹೇಳಿದೆ. ಗಿಡ ತಾನಾಗಿ ಹುಟ್ಟಿದ್ದು. ಅಜ್ಜ ಅದಕ್ಕೆ ಒಂದು ತಂಬಿಗೆ ನೀರೂ ಹಾಕಿದವನಲ್ಲ, ಅದರ ಕಡೆ ತಿರುಗಿ ನೋಡಿದವನೂ ಅಲ್ಲ. ಅದೂ ಎಷ್ಟೆತ್ತರದ ಗಿಡ, ಬರೀ ಮೊಣಕಾಲುದ್ದ, ಬಡಕಲು, ಮೂರೋ ನಾಲ್ಕೋ ಎಲೆ.

ವಕೀಲರು ಬರೆದುಕೊಳ್ಳುತ್ತಿದ್ದರು. ಬೆಂಚಿನ ತುದಿಯಲ್ಲಿ ಕೂತಿದ್ದ ಅಜ್ಜ ನನ್ನನ್ನೇ ನೋಡುತ್ತಿದ್ದ.

"ಎದೆಮಟ್ಟ ಇತ್ತಲ್ಲೋ" ಎಂದ.